ಎರಡೂವರೆ ಜನಕ್ಕೊಂದು ಡಬ್ಬಿ

ಕಳೆದ ಬೇಸಿಗೆಯಲ್ಲಿ ಅಮೆರಿಕಾದಿಂದ ಬಂದ ತಂಗಿಯ ಮಗಳು ಚಾಕೊಲೇಟು, ಬಾದಾಮಿಗಳ ನಡುವೆ ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿ ಟೊಮೆಟೊ ಸೂಪು ತಂದಿದ್ದಳು. "ದೊಡ್ಡಪ್ಪಂಗೆ ಸಂಜೆ ಸೂಪು ಕುಡಿಯೋ ರೂಢಿ ಐತಲ್ಲ ದೊಡ್ಡಮ್ಮಾ, ಅಲ್ಲೀದು ಹೆಂಗಿರುತ್ತೆ ನೋಡ್ಲಿ ಅಂತ ತಂದೆ" ಎಂದಳು. ಟೊಮೆಟೊಗೆ ಬರವೇ ಇಲ್ಲದ ನಮ್ಮ ಸೀಮೆಗೆ ಏಳು ಸಮುದ್ರ ದಾಟಿ ಟೊಮೆಟೊ ಸಾರು ಬಂದದ್ದು ನೋಡಿ ನಗು ಬಂದರೂ, ಮಗು ಪ್ರೀತಿಯಿಂದ ತಂದಿದ್ದಾಳೆಂದು ಡಬ್ಬಿಯನ್ನು ಊಟದ ಮೇಜಿನ ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕುಳಿತೆವು. ನಮ್ಮವರು ಕನ್ನಡಕ ಏರಿಸಿ ಓದಿದರು. ಮೊಮ್ಮಗ ಅವರ ತೋಳಿನ ಕೆಳಗೆ ತೂರಿಕೊಂಡು ತಾನೂ ಓದಿದ. ಇಂಗ್ಲಿಷ್ ಮೀಡಿಯಂ ಹುಡುಗ, ಮೂರನೇ ಕ್ಲಾಸು, ಎಲ್ಲಿ ಏನು ಬರೆದಿದ್ದರೂ ಓದಲೇಬೇಕು ಅವನಿಗೆ.

"ಅಜ್ಜೀ, ಇದರಲ್ಲಿ ಎರಡೂವರೆ ಸರ್ವಿಂಗ್ ಅಂತೆ. ಅರ್ಧ ಮನುಷ್ಯ ಯಾರು?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. "ನೀನೇ ಕಣೋ ಅರ್ಧ ಟಿಕೇಟು" ಎಂದರು ನಮ್ಮವರು. ನನ್ನ ಸೊಸೆಯೂ ನಕ್ಕಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ ಎದ್ದು ಒಳಗೆ ಹೋದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಉತ್ತರದಲ್ಲಿ ಎರಡೂವರೆ ಮನುಷ್ಯರು ಬಂದರೆ ಲೆಕ್ಕ ತಪ್ಪಿದೆ, ಮತ್ತೆ ಮಾಡು ಎಂದು ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಇಂಕು ಎಳೆದವಳು. ಮುನ್ನೂರು ಗ್ರಾಂ ಸುಮಾರಿನ ಒಂದು ಡಬ್ಬಿಯ ಮೇಲೆ ಅಷ್ಟು ದೊಡ್ಡ ಕಂಪನಿಯವರು ಇದೇ ಉತ್ತರ ಅಚ್ಚು ಹಾಕಿಸಿ ಮಾರುತ್ತಾರೆಂದರೆ ಅದು ತಪ್ಪಿದ ಲೆಕ್ಕವಲ್ಲ, ಬೇಕೆಂದೇ ಮಾಡಿದ ಲೆಕ್ಕ ಎಂದು ನನಗೆ ಅವತ್ತೇ ಅನಿಸಿತು. ಆದರೆ ಅದೇ ಲೆಕ್ಕ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯೊಳಗೇ, ನನ್ನ ಕೈಯಿಂದಲೇ, ವರ್ಷಗಟ್ಟಲೆ ನಡೆಯುತ್ತಿದೆ ಎಂದು ತಿಳಿಯಲು ಮತ್ತೆ ನಾಲ್ಕು ತಿಂಗಳು ಬೇಕಾಯಿತು.

ಸೂಪು ನಮ್ಮ ಮನೆಗೆ ಬಂದದ್ದು ಹೀಗೆ. ನಮ್ಮವರಿಗೆ ಬಿ.ಪಿ. ಇದೆ ಎಂದು ಗೊತ್ತಾದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ, ಕರಿದ ತಿಂಡಿ ಬಿಡಿ ಎಂದರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಗಂಡಸಿಗೆ ಸಂಜೆ ಮಂಡಕ್ಕಿ ಮಿರ್ಚಿ ಬಿಡಿ ಎನ್ನುವುದು ಉಸಿರಾಡುವುದನ್ನು ಬಿಡಿ ಎಂದಂತೆ. ಆ ಹೊತ್ತಿಗೆ ಬಾಯಿಗೆ ಏನಾದರೂ ಬೇಕಲ್ಲ? ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಸೂಪಿನ ಪುಡಿಯ ಪೊಟ್ಟಣಗಳು ಸಾಲಾಗಿ ನಿಂತಿದ್ದವು. ಮೇಲೆ ಹಬೆಯಾಡುವ ಬಟ್ಟಲಿನ ಚಿತ್ರ, ತೇಲುವ ಕ್ಯಾರೆಟ್ಟು, ಬೀನ್ಸು. "ನಾಲ್ಕು ಜನಕ್ಕೆ" ಎಂಬ ಬರಹ. ಆರೋಗ್ಯವೂ ಆಯಿತು, ಹಗುರವೂ ಆಯಿತು ಎಂದು ತಂದೆ. ಸಾರಿಗೆ ಉಪ್ಪು ಕಡಿಮೆ ಹಾಕಿದೆ, ಉಪ್ಪಿನಕಾಯಿ ಭರಣಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದೆ, ಹಪ್ಪಳದ ಡಬ್ಬ ಬಚ್ಚಿಟ್ಟೆ. ಸಂಜೆ ಆರಕ್ಕೆ ಮಾತ್ರ ಸೂಪು ಕಾಯಿಸಿ ಕೊಡುತ್ತಾ ಬಂದೆ. ಮನೆಯಲ್ಲಿ ನಾವು ಐದು ಜನ: ನಾವಿಬ್ಬರು, ಮಗ, ಸೊಸೆ, ಮೊಮ್ಮಗ. ಪೊಟ್ಟಣ ನಾಲ್ಕು ಜನಕ್ಕೆ. "ನಂಗೆ ಬ್ಯಾಡ ಅತ್ತೆ, ಸೂಪು ಸೇರಲ್ಲ" ಎಂದು ಸೊಸೆ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಲೆಕ್ಕ ಸರಿಹೋಯಿತು. ನಾನು ಮತ್ತೆ ಕೇಳಲಿಲ್ಲ.

ತಂಗಿಯ ಮಗಳ ಡಬ್ಬಿ ಬಂದ ಮಾರನೆಯ ದಿನ ನನ್ನೊಳಗಿನ ಮೇಷ್ಟ್ರು ಎದ್ದರು. ನಮ್ಮ ಪೊಟ್ಟಣದ ಸೂಪನ್ನು ಅವರು ಹೇಳಿದಷ್ಟೇ ನೀರು ಅಳೆದು ಹಾಕಿ ಕಾಯಿಸಿದೆ. ಮನೆಯಲ್ಲಿ ನಿತ್ಯ ಬಳಸುವ ಸ್ಟೀಲಿನ ಬಟ್ಟಲುಗಳನ್ನು ನಾಲ್ಕು ಸಾಲಾಗಿಟ್ಟು ಸಮನಾಗಿ ಸುರಿದೆ. ಬಟ್ಟಲಿನ ಅರ್ಧಕ್ಕೂ ಬರಲಿಲ್ಲ! ನಮ್ಮವರ ದೊಡ್ಡ ಪಿಂಗಾಣಿ ಮಗ್ಗಿಗೆ ಎರಡು ಬಟ್ಟಲು ಸುರಿದರೆ ಆಗ ಅದು ದಿನಾ ತುಂಬುವ ಮಟ್ಟಕ್ಕೆ ಬಂತು. ಅಂದರೆ ಕಂಪನಿಯವರ ಲೆಕ್ಕದಲ್ಲಿ ನಮ್ಮವರೊಬ್ಬರೇ ಇಬ್ಬರು. ಪೊಟ್ಟಣದ ಬೆನ್ನಿನಲ್ಲಿ ಒಂದು ಸರ್ವಿಂಗಿಗೆ ಇಷ್ಟು ಸೋಡಿಯಂ, ಅದು ದಿನದ ಮಿತಿಯಲ್ಲಿ ಶೇಕಡಾ ಇಷ್ಟು ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಆ ಅಂಕಿ ನೋಡಿ "ಪರವಾಗಿಲ್ಲ, ಸ್ವಲ್ಪವೇ" ಎಂದುಕೊಂಡಿದ್ದೆ. ಅದನ್ನು ದಿನವೂ ಎರಡರಿಂದ ಗುಣಿಸಬೇಕಿತ್ತು. ಸಾರಿನಲ್ಲಿ ಚಿಟಿಕೆ ಚಿಟಿಕೆಯಾಗಿ ಉಳಿಸಿದ ಉಪ್ಪನ್ನು ಸಂಜೆ ಮಗ್ಗಿನಲ್ಲಿ ತುಂಬಿ ಕೊಡುತ್ತಿದ್ದೆ. ಮುಂದಿನ ತಪಾಸಣೆಯಲ್ಲಿ ಬಿ.ಪಿ. ಇಳಿದಿರಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕೆ?

ಡಬ್ಬಿಯ ಲೆಕ್ಕವೂ ಇದೇ ಜಾತಿಯದು. ಅದರಲ್ಲಿದ್ದದ್ದು ನೀರು ಕಡಿಮೆ ಮಾಡಿ ಗಟ್ಟಿಗೊಳಿಸಿದ ಸೂಪು. 1897ರಲ್ಲಿ ಅಮೆರಿಕಾದ ಕ್ಯಾಂಪ್‌ಬೆಲ್ ಕಂಪನಿಯಲ್ಲಿ ಜಾನ್ ಡೋರೆನ್ಸ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ಉಪಾಯ ಅದು. ನೀರು ತೆಗೆದರೆ ಡಬ್ಬಿ ಚಿಕ್ಕದು, ಸಾಗಣೆಯ ಖರ್ಚು ಕಡಿಮೆ, ನೀರು ಹೇಗೂ ಕೊಂಡವರ ಮನೆಯದು. ಜಾಣ ವ್ಯಾಪಾರ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಆ ಎರಡೂವರೆಯದು. ಸಂಜೆ ಕೆಲಸದಿಂದ ಬಂದು ಒಬ್ಬಂಟಿಯಾಗಿ ಡಬ್ಬಿ ತೆರೆಯುವ ಹೆಂಗಸು ಎರಡೂವರೆ ಪಾಲಿನಲ್ಲಿ ಒಂದು ಪಾಲು ಕುಡಿದು, ಒಂದೂವರೆಯನ್ನು ಮುಚ್ಚಿಡುತ್ತಾಳೆಯೇ? "ಇಲ್ಲ ದೊಡ್ಡಮ್ಮಾ, ನಾವೆಲ್ಲ ಇಡೀ ಡಬ್ಬಿ ಕುಡೀತೀವಿ" ಎಂದಳು ನಮ್ಮ ಹುಡುಗಿ. ಆ ಡಬ್ಬಿಯಲ್ಲಿ ಒಂದು ಪಾಲಿಗೆ 480 ಮಿಲಿಗ್ರಾಂ ಸೋಡಿಯಂ ಇತ್ತು. ಎರಡೂವರೆಯಿಂದ ಗುಣಿಸಿದೆ, 1,200. ಒಬ್ಬ ವಯಸ್ಕರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ, ಅಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಚಿಕ್ಕ ಚಮಚ, ಎನ್ನುವುದು ನಮ್ಮ ದೇಶದ ಲೇಬಲ್ಲುಗಳೂ ಹಿಡಿಯುವ ಮಿತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಡಬ್ಬಿಯಲ್ಲಿ ಮುಗಿಯಿತು.

ಸರ್ವಿಂಗ್ ಎನ್ನುವ ಈ ಮಾತು ಎಂಥ ಎರಡು ನಾಲಗೆಯದು ನೋಡಿ. ಪೊಟ್ಟಣದ ಮುಂಭಾಗದಲ್ಲಿ "ನಾಲ್ಕು ಜನಕ್ಕೆ" ಎಂದರೆ ಪೊಟ್ಟಣ ದೊಡ್ಡದಾಗಿ ಕಾಣುತ್ತದೆ. ಹಿಂಭಾಗದಲ್ಲಿ ಅದೇ ನಾಲ್ಕರಿಂದ ಭಾಗಿಸಿದರೆ ಉಪ್ಪು, ಸಕ್ಕರೆ ಚಿಕ್ಕದಾಗಿ ಕಾಣುತ್ತವೆ. ಅಂಕಿ ಒಂದೇ, ಮುಂದೆ ಹಿಗ್ಗಿಸುವ ಕೆಲಸ, ಹಿಂದೆ ಕುಗ್ಗಿಸುವ ಕೆಲಸ. ಚೌಕಿಪೇಟೆಯ ಅಂಗಡಿಯವನು ತಕ್ಕಡಿ ಹೀಗೆ ಆಡಿಸಿದರೆ ನಾವು ಸುಮ್ಮನೆ ಬರುತ್ತಿದ್ದೆವೆಯೇ? ತೂಕ ಅಳತೆ ಇಲಾಖೆಯವರು ಪೊಟ್ಟಣದೊಳಗೆ ಎಷ್ಟು ಗ್ರಾಂ ಇದೆ ಎಂದು ಹಿಡಿದು ತೂಗಬಹುದು. ಬರೆದದ್ದಕ್ಕಿಂತ ಕಡಿಮೆಯಿದ್ದರೆ ಅಪರಾಧ. 2009ರ ಕಾನೂನು ಇದೆ, 2011ರ ಪೊಟ್ಟಣ ನಿಯಮಗಳಿವೆ. ಆದರೆ ಆ ಗ್ರಾಮುಗಳು ನಾಲ್ಕು ಜನಕ್ಕೆ ಆಗುತ್ತವೆಯೋ ಇಲ್ಲವೋ ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಒಂದು ಸರ್ವಿಂಗಿನಲ್ಲಿ ದಿನದ ಮಿತಿಯ ಶೇಕಡಾ ಎಷ್ಟು ಎಂದು ಬರೆಯಲೇಬೇಕೆನ್ನುತ್ತವೆ. ಒಳ್ಳೆಯದೇ. ಆದರೆ ಸರ್ವಿಂಗ್ ಎಷ್ಟು ದೊಡ್ಡದು ಎನ್ನುವುದನ್ನು ತಯಾರಿಸುವವರಿಗೇ ಬಿಟ್ಟಿವೆ. ಪರೀಕ್ಷೆ ಬರೆಯುವ ಹುಡುಗನ ಕೈಗೇ ಕೆಂಪು ಇಂಕು ಕೊಟ್ಟ ಹಾಗೆ.

ಅಮೆರಿಕಾದವರು ಈ ವಿಷಯದಲ್ಲಿ ನಮಗಿಂತ ಒಂದೆರಡು ಹೆಜ್ಜೆ ಮುಂದಿದ್ದಾರೆ ಎಂದು ಒಪ್ಪಬೇಕು. 1990ರಲ್ಲಿ ಅವರು ಮಾಡಿದ ಕಾನೂನಿನ ಪ್ರಕಾರ ಸರ್ವಿಂಗ್ ಎಂದರೆ ಜನ ಎಷ್ಟು ತಿನ್ನಬೇಕು ಎಂಬುದಲ್ಲ, ವಾಡಿಕೆಯಲ್ಲಿ ಎಷ್ಟು ತಿನ್ನುತ್ತಾರೆ ಎಂಬುದು. ಆ ವಾಡಿಕೆಯನ್ನು ಗೊತ್ತುಮಾಡಿದ್ದು 1977-78 ಮತ್ತು 1987-88ರ ಸಮೀಕ್ಷೆಗಳಿಂದ. ಜನರ ಬಟ್ಟಲು ದೊಡ್ಡದಾಗುತ್ತಾ ಹೋದರೂ ಸರ್ವಿಂಗು ಬೆಳೆಯಲಿಲ್ಲ. ಕೊನೆಗೆ 2016ರಲ್ಲಿ ತಿದ್ದಿದರು. ಐಸ್‌ಕ್ರೀಮಿನ ಸರ್ವಿಂಗು ಅರ್ಧ ಕಪ್ಪಿನಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ, ಮೂರರಲ್ಲಿ ಎರಡು ಭಾಗ ಕಪ್ಪಾಯಿತು. ಒಬ್ಬರೇ ಒಂದೇ ಸಲಕ್ಕೆ ಮುಗಿಸುವಂಥ ಬಾಟಲಿಗೆ ಎರಡು ಸರ್ವಿಂಗು ಎಂದು ಬರೆಯುವ ಹಾಗಿಲ್ಲ ಎಂದಾಯಿತು. ಎರಡು ಮೂರು ಸರ್ವಿಂಗಿನ ಎಷ್ಟೋ ಪೊಟ್ಟಣಗಳ ಮೇಲೆ ಒಂದು ಪಾಲಿಗೆ ಎಷ್ಟು, ಇಡೀ ಪೊಟ್ಟಣಕ್ಕೆ ಎಷ್ಟು ಎಂದು ಎರಡೂ ಸಾಲು ಅಚ್ಚು ಹಾಕಬೇಕಾಯಿತು. ನಮ್ಮಲ್ಲೂ ಅಷ್ಟು ಮಾಡಲಿ. ಇಡೀ ಪೊಟ್ಟಣದ ಉಪ್ಪನ್ನು ಒಂದೇ ಅಂಕಿಯಲ್ಲಿ, ಕನ್ನಡಕವಿಲ್ಲದೆ ಓದುವ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಲಿ. ಭಾಗಾಕಾರ ನಾವು ಮಾಡಿಕೊಳ್ಳುತ್ತೇವೆ.

ಭಾಗಾಕಾರ ನಾವು ಮಾಡಿಕೊಳ್ಳುತ್ತೇವೆ ಎಂದು ಎಷ್ಟು ಜಂಬದಿಂದ ಬರೆದುಬಿಟ್ಟೆ! ನಾನು ಮಾಡಿದ ಭಾಗಾಕಾರದ ಕಥೆ ಕೇಳಿ.

ಶ್ರಾವಣದಲ್ಲಿ ಹರಿಹರದಲ್ಲಿ ನಮ್ಮ ನಾದಿನಿಯ ಕಡೆಯವರ ಮದುವೆಯಿತ್ತು. ದಾವಣಗೆರೆಗೂ ಹರಿಹರಕ್ಕೂ ಏನು ಮಹಾ ದೂರ, ಬಸ್ಸು ಹತ್ತಿ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬರುತ್ತದೆ. ಸೊಸೆ, ಮೊಮ್ಮಗ, ನಾನು ಆರತಕ್ಷತೆಗೆ ಹೋದೆವು. ಈಗಿನ ಮದುವೆಗಳಲ್ಲಿ ಊಟಕ್ಕೆ ಮೊದಲು ಬಾಗಿಲಲ್ಲೇ ಸೂಪಿನ ಮೇಜು ಇಟ್ಟಿರುತ್ತಾರಲ್ಲ, ಟೋಪಿ ಹಾಕಿದ ಹುಡುಗ ಕಾಗದದ ಕಪ್ಪಿಗೆ ಬಗ್ಗಿಸಿ ಕೊಡುತ್ತಾನೆ. ನಾನು ಯಾರನ್ನೋ ಮಾತನಾಡಿಸಿ ತಿರುಗಿ ನೋಡಿದರೆ ನಮ್ಮ ಸೊಸೆ ಒಂದು ಕಪ್ಪು ಮುಗಿಸಿ ಎರಡನೆಯದಕ್ಕೆ ಕೈ ಚಾಚಿದ್ದಾಳೆ. ಟೊಮೆಟೊ ಸೂಪೇ.

"ಅಲ್ಲಮ್ಮಾ, ಸೂಪು ಸೇರಲ್ಲ ಅಂದಿದ್ಯಲ್ಲ?" ಎಂದೆ, ತಮಾಷೆಯಾಗಿಯೇ.

ಅವಳು ಮಗುವಿನ ಬಾಯಿ ಒರೆಸುತ್ತಾ, ಯಾವ ಕೊಂಕೂ ಇಲ್ಲದೆ, "ಮನೇಲಿ ನಾಲ್ಕೇ ಕಪ್ಪಾಗುತ್ತಲ್ಲತ್ತೆ" ಎಂದಳು.

ಸಿಟ್ಟು ಮಾಡಿಕೊಂಡು ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮಳೆ ಬರುತ್ತಿದೆ ಎಂದಷ್ಟು ಸಹಜವಾಗಿ ಅಂದಳು. ಆ ರಾತ್ರಿ ಊಟದಲ್ಲಿ ನನಗೆ ಏನು ಬಡಿಸಿದರೋ ನೆನಪಿಲ್ಲ.

ಐದನ್ನು ನಾಲ್ಕು ಎಂದು ಎಣಿಸುವುದನ್ನು ಯಾವ ಶಾಲೆಯಲ್ಲಿ ಕಲಿತೆ ನಾನು? ನನ್ನ ಅತ್ತೆಯವರ ಅಡುಗೆಮನೆಯಲ್ಲಿ. ಅವರದೊಂದು ಹಿತ್ತಾಳೆ ಪಾವು ಇತ್ತು. ಅಕ್ಕಿ ಅಳೆಯುವಾಗ ಜನ ಎಣಿಸಿ ಪಾವಿನ ಲೆಕ್ಕ ಹಾಕಿ, ಕೊನೆಗೆ ಬಂದುಹೋಗುವವರಿಗೆ ಎಂದು ಮೇಲೊಂದು ಹಿಡಿ ಹಾಕುತ್ತಿದ್ದರು. ಹಿಂದಿನವರ ದೊಡ್ಡ ಮನಸ್ಸು ಎಂದು ನಾವೆಲ್ಲ ಈ ಹಿಡಿಯನ್ನು ಹಾಡಿ ಹೊಗಳುತ್ತೇವೆ. ನಾನೂ ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಈಗ ನೆನೆಸಿಕೊಂಡರೆ, ದುಗ್ಗಮ್ಮನ ಜಾತ್ರೆಯಲ್ಲಿ ಮನೆ ತುಂಬ ನೆಂಟರು ಬಂದಾಗ ಆ ಮೇಲಿನ ಹಿಡಿ ಸಾಲುತ್ತಿರಲಿಲ್ಲ. ಸಾಲದ್ದನ್ನು ಸರಿದೂಗಿಸುತ್ತಿದ್ದವರು ಅತ್ತೆಯವರು ಮತ್ತು ನಾನು. ಬರದ ನೆಂಟನಿಗೆ ಒಂದು ಹಿಡಿ ಮೀಸಲಿತ್ತು, ಒಲೆ ಮುಂದೆ ನಿಂತವಳಿಗೆ ಮೀಸಲಿರಲಿಲ್ಲ. ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಬಡಿಸುವವಳೇ ಕೊನೇ ಪಂಕ್ತಿಯಲ್ಲಿ ಕುಳಿತದ್ದನ್ನು ನೋಡಿರಲಿಲ್ಲ ಎಂದು ಕಾಣುತ್ತದೆ.

ಕಂಪನಿಯವರ ಸುಳ್ಳು ನಮ್ಮ ಮನೆಗಳಲ್ಲಿ ಬಯಲಾಗದೆ ನಡೆದುಕೊಂಡು ಹೋಗುವುದು ಇದರಿಂದಲೇ. ನಾಲ್ಕು ಜನಕ್ಕೆ ಎಂದ ಪೊಟ್ಟಣ ಎರಡು ಜನಕ್ಕೆ ಸಾಕಾದರೆ ಗಲಾಟೆಯಾಗಬೇಕಲ್ಲವೇ? ಆಗುವುದಿಲ್ಲ. ಪ್ರತಿ ಮನೆಯಲ್ಲೂ "ನಂಗೆ ಹಸಿವಿಲ್ಲ", "ನಂಗೆ ಸೇರಲ್ಲ", "ನಾನು ಆಮೇಲೆ ಏನಾದರೂ ಮಾಡ್ಕಂತೀನಿ" ಎನ್ನುವವಳೊಬ್ಬಳು ಇದ್ದಾಳೆ. ಕೊರತೆಯಷ್ಟನ್ನೂ ಅವಳು ನುಂಗಿಕೊಳ್ಳುತ್ತಾಳೆ, ಮೇಜಿನ ಮೇಲೆ ಎಲ್ಲರ ಬಟ್ಟಲೂ ತುಂಬಿರುತ್ತದೆ. ಕಂಪನಿಗೆ ದೂರಿನ ಕಾಗದ ಹೋಗುವುದಿಲ್ಲ. ನೂಡಲ್ಸಿನ ಪೊಟ್ಟಣವಿರಲಿ, ಪಾಯಸದ ಮಿಕ್ಸ್ ಇರಲಿ, ಇದೇ ಕಥೆ. ಮಕ್ಕಳಿಗೆಂದು ಮಾಡಿದ ನೂಡಲ್ಸಿನ ಪಾತ್ರೆಯ ತಳ ಕೆರೆದು ನಿಂತಲ್ಲೇ ತಿಂದ ತಾಯಂದಿರು ಕೈ ಎತ್ತಿ ಎಂದರೆ ನಮ್ಮ ಬಡಾವಣೆಯಲ್ಲಿ ಒಂದು ಕೈಯೂ ಕೆಳಗಿರಲಾರದು.

ಮದುವೆಯಿಂದ ಬಂದ ಮೇಲೆ ಹದಿನೈದು ದಿನಕ್ಕೆ ಸೊಸೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆನೋವು ಎನ್ನುತ್ತಿದ್ದಳು. ಕೆಲಸದ ಆಯಾಸ ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟೂವರೆ ಬಂತು. "ಊಟಕ್ಕೆ ಏನೇನು ತಿಂತೀರಮ್ಮಾ?" ಎಂದು ಡಾಕ್ಟರು ಕೇಳಿದರು. "ಎಲ್ಲಾ ತಿಂತೀನಿ ಮೇಡಂ. ಎಲ್ರಿಗೂ ಬಡಿಸಿದ ಮೇಲೆ ಏನಿರುತ್ತೋ ಅದು" ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಸೂಪು ಕುಡಿಯದೆ ಅವಳ ರಕ್ತ ಕಡಿಮೆಯಾಯಿತು ಎಂದು ನಾನು ಹೇಳುತ್ತಿಲ್ಲ. ಆ ಪುಡಿಯ ನೀರಿನಿಂದ ಏರುವ ರಕ್ತ ಎಷ್ಟು! ಅವಳು ಬೇಡವೆಂದು ಬಿಟ್ಟದ್ದು ಸೂಪೊಂದನ್ನೇ ಅಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು. ಸೊಪ್ಪಿನ ಪಲ್ಯ ಮಾವನಿಗೆ ಇಷ್ಟ, ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಮೊಳಕೆ ಕಾಳು ಮಗನಿಗೆ. ಶೇಂಗಾ ಚಟ್ನಿ ಮುಗಿಯುವುದು ನಾವು ಏಳುವ ಮೊದಲೇ. ಅವಳ ತಟ್ಟೆಗೆ ಬರುತ್ತಿದ್ದದ್ದು ಅನ್ನ, ತಿಳಿಸಾರು, ಮಜ್ಜಿಗೆ. ಹೊಟ್ಟೆ ತುಂಬುತ್ತಿತ್ತು. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಹೋಮ್ ಸೈನ್ಸ್ ಓದಿದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದೇ ಬಡಾವಣೆಯಲ್ಲಿದ್ದಾರೆ. ಅವರ ಹತ್ತಿರ ಹೋಗಿ ಕುಳಿತೆ. ಪಠ್ಯಪುಸ್ತಕ ತೆಗೆದು ತೋರಿಸಿದರು. ಕುಟುಂಬಕ್ಕೆ ಎಷ್ಟು ಆಹಾರ ಬೇಕು ಎಂದು ಲೆಕ್ಕ ಹಾಕಲು ನಮ್ಮ ಪೌಷ್ಟಿಕತಜ್ಞರು ಒಂದು ಮಾನ ಇಟ್ಟುಕೊಂಡಿದ್ದಾರೆ. ಕುಳಿತು ಕೆಲಸ ಮಾಡುವ ಗಂಡಸು 1. ಅಂಥದೇ ಕೆಲಸದ ಹೆಂಗಸು 0.8. ಮೈಮುರಿದು ದುಡಿಯುವ ಗಂಡಸು 1.6, ಹೆಂಗಸು 1.2. ಒಂಬತ್ತರಿಂದ ಹನ್ನೆರಡರ ಮಗುವೂ ನನ್ನಂತೆಯೇ 0.8. "ಅಂದರೆ ಅಮೆರಿಕಾದ ಡಬ್ಬಿಯ ಅರ್ಧ ಮನುಷ್ಯನಿಗಿಂತ ನಾವು ಮೇಲು ಬಿಡಿ" ಎಂದೆ. ಅವರು ನಗಲಿಲ್ಲ. "ಇದು ಮೈಯ ತೂಕ ನೋಡಿ ಹಾಕಿದ ಶಕ್ತಿಯ ಲೆಕ್ಕ ಕಣ್ರೀ, ಮರ್ಯಾದೆಯ ಲೆಕ್ಕವಲ್ಲ. ಈ ಪುಟ ನೋಡಿ" ಎಂದು ಐ.ಸಿ.ಎಂ.ಆರ್.ನವರ 2020ರ ಪಟ್ಟಿ ಮುಂದಿಟ್ಟರು. ಕಬ್ಬಿಣಾಂಶ: ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29.

ಕಾಗದದ ಮೇಲೆ ಭಾಗಿಸಿದೆ. ಗಂಡಸು 1 ಆದರೆ ಹೆಂಗಸು ಒಂದೂವರೆಗೂ ಸ್ವಲ್ಪ ಹೆಚ್ಚು. ಅನ್ನದ ಲೆಕ್ಕದಲ್ಲಿ ಮುಕ್ಕಾಲಿಗೆ ಸ್ವಲ್ಪ ಮೇಲಿದ್ದವಳು ಸೊಪ್ಪು, ಕಾಳು, ಬೆಲ್ಲ, ಶೇಂಗಾಗಳ ಲೆಕ್ಕಕ್ಕೆ ಬಂದಾಗ ಗಂಡಸನ್ನೂ ಮೀರಿ ಒಂದೂವರೆ ಆಗುತ್ತಾಳೆ. ಮುಟ್ಟಾಗುವ, ಹೆರುವ ಮೈಗೆ ಅಷ್ಟು ಬೇಕು. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಸರಿಯಾಗಿ ತಲೆಕೆಳಗು: ಒಂದೂವರೆ ಪಾಲಿನ ಪಲ್ಯ ಬೇಕಾದವಳಿಗೆ ಅನ್ನ, ಅನ್ನ ಹೆಚ್ಚು ಬೇಕಾದವರಿಗೆ ಪಲ್ಯ. ನನ್ನ ಮನೆಯೊಂದೇ ಹೀಗೆ ಎಂದುಕೊಂಡು ನಾಚಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25. ಕರ್ನಾಟಕದ ಹೆಂಗಸರಲ್ಲಿ ಶೇಕಡಾ 48ರ ಹತ್ತಿರ. ಬೀದಿಯ ಎಡಗಡೆ ಬಲಗಡೆ ಮನೆಗಳನ್ನು ಎಣಿಸಿಕೊಂಡು ಹೋದರೆ ಒಂದು ಬಿಟ್ಟು ಒಂದು ಮನೆಯ ಅಡುಗೆಕೋಣೆಯಲ್ಲಿ ಸುಸ್ತಾದ ಹೆಂಗಸು ನಿಂತಿದ್ದಾಳೆ. ಕಾರಣ ಊಟವೊಂದೇ ಅಲ್ಲ, ಜಂತುಹುಳು ಇದೆ, ಹೆರಿಗೆಗಳಿವೆ, ಊಟದ ಜೊತೆಗೇ ಕುಡಿಯುವ ಕಾಫಿ ಟೀ ಇದೆ. ಆದರೆ ಊಟವೂ ಒಂದು ಕಾರಣ, ಅದು ನಮ್ಮ ಕೈಯಲ್ಲಿರುವ ಸೌಟಿನ ತುದಿಯಲ್ಲಿದೆ.

"ಇಷ್ಟಕ್ಕೆಲ್ಲ ಯಾಕೆ ರೇಗಾಟ? ಸಾಲದಿದ್ದರೆ ಇನ್ನೊಂದು ಪ್ಯಾಕೆಟ್ ಒಡೆಯೋದಪ್ಪ" ಎಂದರು ನಮ್ಮವರು. ನಿವೃತ್ತ ಮನುಷ್ಯ, ಜಗಳ ಬೇಡ ಅವರಿಗೆ. ಇನ್ನೊಂದು ಪೊಟ್ಟಣ ಒಡೆಯಲಿ ಎನ್ನುವುದೇ ಕಂಪನಿಯವರ ಪ್ರಾರ್ಥನೆ ಕೂಡ. ಪಕ್ಕದ ಮನೆಯ ಯೋಗದ ಟೀಚರು ಬೇರೆ ಥರ ಹೇಳಿದರು: ಚಿಕ್ಕ ಬಟ್ಟಲು ಒಳ್ಳೆಯದು, ಎಲ್ಲರೂ ಮಿತವಾಗಿ ತಿನ್ನಲಿ, ಕಂಪನಿಯವರು ಹೇಳಿದ್ದರಲ್ಲಿ ತಪ್ಪೇನು? ಎಲ್ಲರೂ ಮಿತವಾಗಿ ತಿಂದರೆ ನನಗೂ ಸಂತೋಷವೇ. ಅವರು ಹೇಳಿದ ಅಳತೆಗೇ ಸುರಿದು ಐವರ ಮುಂದೂ ಸಮನಾಗಿ ಇಡಲಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಮಿತ ಎನ್ನುವುದು ಮನೆಯೊಳಗೆ ಬಂದಾಗ ನಾಲ್ಕು ಕಡೆಯೂ ಸಮನಾಗಿ ಕೂರುವುದಿಲ್ಲ. ಅದು ನೆಟ್ಟಗೆ ಅಡುಗೆಮನೆಗೆ ನಡೆದು ಅಲ್ಲಿ ನಿಂತವಳ ತಟ್ಟೆಯಲ್ಲಿ ಕೂರುತ್ತದೆ.

ನ್ಯಾಯವಾದ ಸರ್ವಿಂಗ್ ಹೇಗಿರಬೇಕು ಎಂದು ನೋಡಬೇಕಾದರೆ ಅಮೆರಿಕಾಗೆ ಹೋಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟ ನೋಡಿ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ ಮೂಗು ಮುರಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬಳು. ಶಾಲೆ ಅಡುಗೆಮನೆಯಾಯಿತು ಎಂದಿದ್ದೆ. ಇವತ್ತು ಆ ಲೆಕ್ಕದ ಮುಂದೆ ತಲೆ ಬಾಗುತ್ತೇನೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರೆಗೆ 150, 30, 75. ಬೇಯಿಸುವ ಮೊದಲಿನ ತೂಕ. ನೀರು ಸುರಿದು ಹಿಗ್ಗಿಸಿದ ಕಪ್ಪಿನ ಲೆಕ್ಕವಲ್ಲ. ಹುಡುಗನಿಗೆ ಒಂದು, ಹುಡುಗಿಗೆ ಒಂದು ಎಂದಿಲ್ಲ. ಇಷ್ಟು ಮಕ್ಕಳು ಬಂದಿದ್ದಾರೆ, ಇಷ್ಟು ಕಿಲೋ ಬೇಳೆ ಎಂದು ಹಾಜರಿ ಹಿಡಿದು ಯಾರು ಬೇಕಾದರೂ ಕೇಳಬಹುದು. ಕೆಲವು ಕಡೆ ಸಾರು ನೀರಾಗಿರುತ್ತದೆ, ನಿಜ. ಆದರೆ ಅದು ನೀರಾಗಿದೆ ಎಂದು ಹೇಳಲು ಒಂದು ಅಳತೆ ಇದೆಯಲ್ಲ. ಮೂರನೇ ಕ್ಲಾಸಿನ ಹುಡುಗಿಗೆ 20 ಗ್ರಾಂ ಬೇಳೆಯ ಹಕ್ಕಿದೆ. ಅವಳಿಗೆ ಬೇಯಿಸಿ ಬಡಿಸುವ ಅಕ್ಕನಿಗೆ ಅವಳ ಮನೆಯಲ್ಲಿ ಎಷ್ಟು ಗ್ರಾಂ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಸೂಪಿನ ಪೊಟ್ಟಣದ ಮೇಲೆ ಕೊಟ್ಟಿದ್ದ ವಿಳಾಸಕ್ಕೆ ನಾನೊಂದು ಕಾಗದ ಬರೆದೆ. ನೀವು ಹೇಳುವ ನಾಲ್ಕು ಜನ ಯಾರು, ಅವರ ವಯಸ್ಸೆಷ್ಟು, ಕಾಯಿಸಿದವಳು ಆ ನಾಲ್ಕರಲ್ಲಿ ಇದ್ದಾಳೆಯೇ ಎಂದು ಮೂರು ಪ್ರಶ್ನೆ ಕೇಳಿದೆ. ತಿಂಗಳಾದ ಮೇಲೆ ಉತ್ತರ ಬಂತು. ನಮ್ಮ ಉತ್ಪನ್ನದಲ್ಲಿ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು ಎಂದಿತ್ತು. ಜೊತೆಗೆ ಸೂಪಿನ ಪುಡಿ ಹಾಕಿ ಮಾಡುವ ಪುಲಾವಿನ ವಿಧಾನ, ನಾಲ್ಕು ಜನಕ್ಕೆ.

ಈಗ ಪೊಟ್ಟಣ ತರುವುದಿಲ್ಲ. ಸಂಜೆ ಐದೂವರೆಗೆ ಟೊಮೆಟೊ, ಒಂದು ಹಿಡಿ ಹೆಸರುಬೇಳೆ, ಇದ್ದ ಸೊಪ್ಪು ಹಾಕಿ ಕುಕ್ಕರ್ ಕೂಗಿಸಿ, ಕಡೆದು, ಮೆಣಸು ಜೀರಿಗೆ ಕುಟ್ಟಿ ಹಾಕುತ್ತೇನೆ. ಉಪ್ಪು ನನ್ನ ಕೈಯ ಅಳತೆ. ಮೊದಲೆರಡು ದಿನ ನಮ್ಮವರು "ಇದು ಸಾರಲ್ವೇನೇ?" ಎಂದರು. ಸಾರೇ ಎಂದೆ. ಒಲೆಯ ಪಕ್ಕದ ಕಟ್ಟೆಯ ಮೇಲೆ ಐದು ಲೋಟ ಸಾಲಾಗಿ ಇಟ್ಟು ಮೊದಲ ಸೌಟು ಸೊಸೆಯ ಲೋಟಕ್ಕೆ ಹಾಕುತ್ತೇನೆ. ಅವಳು ಕೆಲಸದಿಂದ ಬರುವುದು ಆರೂಕಾಲಿಗೆ, ಅದಕ್ಕೊಂದು ತಟ್ಟೆ ಮುಚ್ಚಿಡುತ್ತೇನೆ. ಮೂವತ್ತೈದು ವರ್ಷದ ಅಭ್ಯಾಸ, ಕೈ ಎಷ್ಟೋ ಸಲ ತಾನಾಗಿಯೇ ಪಿಂಗಾಣಿ ಮಗ್ಗಿನ ಕಡೆಗೆ ಹೋಗುತ್ತದೆ. ಹಿಡಿದು ತಿರುಗಿಸಬೇಕು. ಹೋದ ವಾರ ಹಾಗೇ ಮರೆತು ಮಗ್ಗು ತುಂಬಿಸಿ, ಉಳಿದವರಿಗೂ ಬಗ್ಗಿಸಿ ನೋಡಿದರೆ ಪಾತ್ರೆಯಲ್ಲಿ ಅರ್ಧ ಲೋಟದಷ್ಟೇ ಉಳಿದಿತ್ತು. ಮೊಮ್ಮಗ ಕಟ್ಟೆ ಹಿಡಿದು ನಿಂತು ನೋಡುತ್ತಿದ್ದ.

"ಅಜ್ಜೀ, ಅಮ್ಮಂದು?" ಎಂದ.

ಮಗ್ಗಿನಿಂದ ಅರ್ಧ ವಾಪಸು ಸುರಿದೆ.